ಜೀಪಿನ ಪರವಾಗಿ ಹೂಂ

ಖಾನಾಪುರ ತಾಲೂಕಿನ ಹಳ್ಳಗಳಿಗೆ ಮಳೆಗಾಲದಲ್ಲಿ ನೀರು ಬರುತ್ತದೆ ಎಂಬ ಸಂಗತಿಯನ್ನು ಸರಕಾರವು ಎಂಬತ್ತರ ದಶಕದ ಆರಂಭದಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಅದಕ್ಕೂ ಮೊದಲು ಅಲ್ಲಿ ನೀರು ಬರುತ್ತಿರಲಿಲ್ಲವೆಂದಲ್ಲ, ಬರುತ್ತಿದ್ದುದು ಅನಧಿಕೃತವಾಗಿತ್ತು. ಒಪ್ಪಿಕೊಂಡ ಮೇಲೆ ಸುಮ್ಮನೆ ಕೂಡುವುದು ಶೋಭಿಸುವುದಿಲ್ಲವಾದ್ದರಿಂದ ಬೆಳಗಾವಿಯಲ್ಲಿ ‘ಹಳ್ಳ-ಕೊಳ್ಳ ನಿಗಾ ಉಪವಿಭಾಗ’ ಎಂಬ ಕಚೇರಿ ಹುಟ್ಟಿತು. ಕಚೇರಿಗೆ ಒಬ್ಬ ಮುಖ್ಯಾಧಿಕಾರಿ, ಒಬ್ಬ ಹಳ್ಳ ನಿರೀಕ್ಷಕ, ಒಂದು ಜೀಪು, ಜೀಪಿಗೆ ಒಬ್ಬ ಡ್ರೈವರ್, ಮತ್ತು ಇವರೆಲ್ಲರ ರಜೆ ಅರ್ಜಿಗಳನ್ನು ನೋಡಿಕೊಳ್ಳಲು ಉಳಿದ ಸಿಬ್ಬಂದಿ.

ಕೆಲಸ ಸರಳವಾಗಿತ್ತು. ಜೀಪು ಖಾನಾಪುರ ದಾಟಿ ಕಾಡಿನ ಹಾದಿ ಹಿಡಿದು ಹೋಗಬೇಕು. ಹಳ್ಳದ ನೀರು ರಸ್ತೆ ಏರಿದ್ದರೆ ನಿರೀಕ್ಷಕ ಅದನ್ನು ಬೆಳಗಾವಿಗೆ ತಿಳಿಸಬೇಕು. ಬೆಳಗಾವಿಯವರು ಬಸ್ಸು ನಿಲ್ಲಿಸಬೇಕು. ತಿಳಿಸುವುದು ಹೇಗೆ ಎಂಬುದೊಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಜೀಪು ಟೆಲಿಫೋನು ಹುಡುಕಿಕೊಂಡು ಖಾನಾಪುರಕ್ಕೆ ಮರಳುವಷ್ಟರಲ್ಲಿ ಬಸ್ಸು ಹಳ್ಳಕ್ಕೆ ಹೋಗಿ, ನೀರು ನೋಡಿ, ಕಂಡಕ್ಟರನ ಬಾಯಿಂದ ನಾಲ್ಕು ಮಾತು ಅನ್ನಿಸಿಕೊಂಡು ತಾನೇ ಮರಳಿ ಬಂದಿರುತ್ತಿತ್ತು. ಜೀಪೇ ನೀರಿನಲ್ಲಿ ಸಿಕ್ಕಿಕೊಂಡರೆ ಸುದ್ದಿಯೇ ಇಲ್ಲ. ಇಂಥ ಪ್ರಸಂಗಕ್ಕಾಗಿ ಒಂದು ನಿಯಮವಿತ್ತು: ವರದಿ ಬಾರದ ಹಳ್ಳವನ್ನು ಒಣ ಹಳ್ಳವೆಂದು ಭಾವಿಸತಕ್ಕದ್ದು.

ಹಳ್ಳ ನಿರೀಕ್ಷಕ ಭರಮಣ್ಣ ಹಿಂದಿನ ಮಳೆಗಾಲದಲ್ಲಿ ಇಂಥದೊಂದು ಒಣ ಹಳ್ಳದಲ್ಲಿ ಜೀಪಿನ ತಗಡಿನ ಟಪ್ಪು ಏರಿ ಕೂತಿದ್ದ. ಜಾಂಬೋಟಿಯ ಆಚೆಗಿನ ಹಳ್ಳ ಅದು. ಪಕ್ಕದಲ್ಲಿ ಡ್ರೈವರ್ ಸಿದರಾಯ. ಸುತ್ತ ಕೆಂಪು ನೀರು. ಭರಮಣ್ಣನಿಗೆ ಈಜು ಬರುತ್ತಿರಲಿಲ್ಲ. ನೇಮಕಾತಿಯ ವೇಳೆ ಅದನ್ನು ಯಾರೂ ಕೇಳಿರಲಿಲ್ಲ. ಗಂಟಲು ಹರಿಯುವಂತೆ “ನೀರ್ ಬಂದಾವ್ರೋ, ಯಾರರ ಅದೀರೇನ್ರೋ” ಎಂದು ಕೂಗಿದ. ಕಾಡು ಸುಮ್ಮನಿತ್ತು. ಕಡೆಗೆ ಸಿದರಾಯನೇ “ಹೂಂ” ಎಂದ.

“ನೀ ಯಾಕ ಹೂಂ ಅಂದ್ಯೋ?” ಎಂದು ಭರಮಣ್ಣ ಸಿಟ್ಟಾದ.

“ಯಾರರ ಅನ್ಬೇಕಲ್ರಿ ಅಣ್ಣಾರ,” ಎಂದ ಸಿದರಾಯ. “ಪಾಪ, ನೀವ್ ಒಬ್ರ ಒದರಾಕತ್ತೀರಿ.”

ನೀರು ಇಳಿದು ಇಬ್ಬರೂ ಮನೆ ಸೇರಿದರು. ಆದರೆ ಅಂದಿನಿಂದ ಭರಮಣ್ಣನಿಗೆ ಒಂದೇ ಆಸೆ. ತಾನು ನೀರು ಬಂತೆಂದು ಹೇಳಿದಾಗ ಆಚೆ ಕಡೆಯಿಂದ ಯಾರಾದರೂ ಹೂಂ ಅನ್ನಬೇಕು. ಬಡ್ತಿ ಬೇಡ, ಭತ್ಯೆ ಬೇಡ, ಅದೊಂದು ಆದರೆ ಸಾಕು. ಹಾಗಾಗಿ ಜೀಪಿಗೆ ಎರಡೂ ಕಡೆಯಿಂದ ಮಾತಾಡುವ ರೇಡಿಯೊ ಕೊಳ್ಳಲು ಮಂಜೂರಾತಿ ಬಂದ ದಿನ ಅವನು ಬೆಳಗಾವಿಯ ಕುಂದಾ ಕಟ್ಟಿಸಿಕೊಂಡೇ ಮನೆಗೆ ಹೋದ.

ಹೆಂಡತಿ ಪದ್ಮವ್ವ ಕುಂದಾ ತಿಂದಳು, ಆದರೆ ಒಪ್ಪಲಿಲ್ಲ. “ಅದೇನ್ ಈಜತೈತೇನ್ರಿ, ರೇಡಿಯೊ?”

“ಈಜಂಗಿಲ್ಲ. ನಾ ಹಳ್ಳದಾಗ ನಿಂತು ಅಂದದ್ದು ಬೆಳಗಾವಿಗೆ ಕೇಳಸ್ತೈತಿ.”

“ಕೇಳಿದವ್ರು ಓಡಿ ಬರ್ತಾರೇನು?”

“ಹೂಂ ಅಂತಾರ. ಅಷ್ಟಾದ್ರೂ ಅಂತಾರಲ್ಲ.”

ರೇಡಿಯೊ ಆಯ್ಕೆಗೆ ಸಮಿತಿಯಾಯಿತು. ಮುಖ್ಯಾಧಿಕಾರಿ ಗುರುಪುತ್ರಪ್ಪನವರು ಅಧ್ಯಕ್ಷರು, ಲೆಕ್ಕಪತ್ರದ ಬಾಳಾಸಾಹೇಬ ಸದಸ್ಯ, ಭರಮಣ್ಣ ‘ಬಳಸುವವರ ಪ್ರತಿನಿಧಿ’. ಬಳಸುವವರ ಪ್ರತಿನಿಧಿಗೆ ಸಭೆಯಲ್ಲಿ ಕುರ್ಚಿ ಇತ್ತು, ಮತ ಇರಲಿಲ್ಲ. ರೇಡಿಯೊ ಹೇಗಿರಬೇಕೆಂದು ಸಮಿತಿ ಬರೆದಿಟ್ಟಿತು: ಜೀಪಿನ ಬ್ಯಾಟರಿಯ ಮೇಲೆ ನಡೆಯತಕ್ಕದ್ದು; ತಗ್ಗು-ದಿನ್ನೆಗಳಿಗೆ ಅಲುಗಾಡಿ ಕೆಡತಕ್ಕದ್ದಲ್ಲ; ಮಳೆ, ಧೂಳುಗಳಿಗೆ ಅಂಜತಕ್ಕದ್ದಲ್ಲ; ಕಾಡಿನೊಳಗಿಂದ ಬೆಳಗಾವಿಗೆ ಮುಟ್ಟತಕ್ಕದ್ದು; ನೋಡಲು ಗೌರವಯುತವಾಗಿರತಕ್ಕದ್ದು. ಕೊನೆಯದನ್ನು ಗುರುಪುತ್ರಪ್ಪನವರೇ ಸೇರಿಸಿದರು.

ಗುರುಪುತ್ರಪ್ಪನವರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ, ಕೈ ಶುದ್ಧ, ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಪೂಜೆ ಮಾಡಿಯೇ ಕಚೇರಿಗೆ ಬರುವವರು. ಮಾತು ಮಾತ್ರ ಜಾಸ್ತಿ. ಅದೂ ದೋಷವಲ್ಲ. ನಮ್ಮ ಕಡೆ ಯಾರೇ ಮಾತಿಗೆ ಕೂತರೂ ಎದುರಿಗಿದ್ದವರು ನಡುನಡುವೆ ಹೂಂ, ಹೂಂರಿ, ಹೌದ್ರಿ, ಖರೇರಿ ಅನ್ನುತ್ತಿರಬೇಕು. ಕಟ್ಟೆಯ ಮೇಲಾಗಲಿ ಪಡಸಾಲೆಯಲ್ಲಾಗಲಿ ಇದೇ ಪದ್ಧತಿ. ಹೂಂ ಬರದಿದ್ದರೆ ಮಾತಾಡುವವರು ಥಟ್ಟನೆ ನಿಲ್ಲಿಸಿ “ಎಲ್ಲಿ ಅದಿಯೋ?” ಎಂದು ಕೇಳುತ್ತಾರೆ. ಗುರುಪುತ್ರಪ್ಪನವರಿಗೆ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಹೂಂಗೆ ಕೊರತೆಯಾಗಿರಲಿಲ್ಲ.

ಮೊದಲ ರೇಡಿಯೊ ಬೆಂಗಳೂರಿನಿಂದ ಬಂತು. ಅದರೊಂದಿಗೆ ಟೈ ಕಟ್ಟಿದ ಒಬ್ಬ ಮಾರಾಟಗಾರನೂ ಬಂದ. ಒಂದು ಪೆಟ್ಟಿಗೆಯನ್ನು ಗುರುಪುತ್ರಪ್ಪ ಸಾಹೇಬರ ಮೇಜಿನ ಮೇಲಿಟ್ಟ, ಇನ್ನೊಂದನ್ನು ಜೀಪಿಗೆ ಬಿಗಿದ. ಜೀಪು ಹಲಸಿಗೆ ಹೋಗಿ ಹಳೆಯ ಗುಡಿಯ ಹತ್ತಿರ ನಿಂತಿತು. ಸಾಹೇಬರು ಮೈಕು ಕೈಗೆತ್ತಿಕೊಂಡು ಗುಂಡಿ ಒತ್ತಿ ಮಾತು ಆರಂಭಿಸಿದರು. ನೀರು ಅಂದರೇನು, ಅದು ಎಲ್ಲಿಂದ ಬರುತ್ತದೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆಯಾದರೆ ಖಾನಾಪುರದಲ್ಲಿ ಏನಾಗುತ್ತದೆ ಎಂದು ವಿವರಿಸಿದರು. ಹಲಸಿಯಲ್ಲಿ ಭರಮಣ್ಣ ಪದ್ಧತಿಯಂತೆ ಹೂಂರಿ, ಹೌದ್ರಿ ಎನ್ನುತ್ತಲೇ ಇದ್ದ. ಬೆಳಗಾವಿಯಲ್ಲಿ ಏನೂ ಕೇಳಿಸಲಿಲ್ಲ.

ಸಾಹೇಬರ ಮುಖ ಕೆಂಪಾಯಿತು. “ಇದೇನು, ನಾ ಗ್ವಾಡಿ ಜೋಡಿ ಮಾತಾಡಾಕತ್ತೀನೇನು?”

ಮಾರಾಟಗಾರ ವಿನಯದಿಂದ ವಿವರಿಸಿದ. “ಸಾರ್, ಗುಂಡಿ ಒತ್ತಿದಾಗ ನೀವು ಮಾತಾಡ್ತೀರಿ. ಬಿಟ್ಟಾಗ ಅವರದು ಕೇಳಿಸುತ್ತೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನೆ ಕೇಳಬೇಕು ಸಾರ್.”

“ಅವ ಕೇಳಾಕತ್ಯಾನ ಅಂತ ನನಗ ಹೆಂಗ ಗೊತ್ತಾಗಬೇಕು?”

“ನೀವು ಗುಂಡಿ ಬಿಟ್ಟ ಮೇಲೆ ಅವರೇ ಹೇಳ್ತಾರೆ ಸಾರ್.”

“ನಾ ಯಾಕ ಬಿಡ್ಲಿ?”

ಮಾರಾಟಗಾರ ತನ್ನ ಬಣ್ಣದ ಪುಸ್ತಿಕೆಯನ್ನು ಎರಡು ಸಲ ತಿರುವಿ ಹಾಕಿದ. ಅದರಲ್ಲಿ ಈ ಪ್ರಶ್ನೆ ಇರಲಿಲ್ಲ. ಸಮಿತಿ ತನ್ನ ಅಭಿಪ್ರಾಯ ಬರೆಯಿತು: “ಎರಡು ದಿಕ್ಕಿನ ರೇಡಿಯೊ ಎಂದು ಹೇಳಿ, ಸರದಿಯ ಮೇಲೆ ಒಂದೊಂದೇ ದಿಕ್ಕನ್ನು ತೋರಿಸಿರುತ್ತಾರೆ. ತಿರಸ್ಕರಿಸಲಾಗಿದೆ.”

ಭರಮಣ್ಣನಿಗೆ ಪ್ರತ್ಯೇಕವಾಗಿ ಕಾರಣ ಕೇಳುವ ನೋಟೀಸು ಹೋಯಿತು. ಮೇಲಧಿಕಾರಿಗಳು ಮಾತನಾಡುತ್ತಿರುವಾಗ ತಾವು ಹಲಸಿಯಲ್ಲಿ ಮೌನವಾಗಿದ್ದುದೇಕೆ ಎಂದು ಅದು ಕೇಳಿತು. ತಾನು ಮನಃಪೂರ್ವಕ ಹೂಂ ಅಂದಿರುವುದಾಗಿಯೂ, ಬೇಕಾದರೆ ಡ್ರೈವರನನ್ನು ವಿಚಾರಿಸಬಹುದೆಂದೂ ಭರಮಣ್ಣ ಉತ್ತರ ಕೊಟ್ಟ. ಸಿದರಾಯನ ಹೇಳಿಕೆ ಪಡೆಯಲಾಯಿತು. “ಅಣ್ಣಾರು ಭಾಳ ಹೂಂ ಅಂದಾರ್ರಿ. ಅವ್ರಿಗೆ ಬಾಯಿ ಒಣಗಿದಾಗ ನಾನೂ ಒಂದೆರಡು ಅಂದೀನ್ರಿ.” ಡ್ರೈವರನು ತನ್ನ ದರ್ಜೆಗೆ ಮೀರಿ ಹೂಂ ಅಂದದ್ದಕ್ಕೆ ಎಚ್ಚರಿಕೆ ನೀಡಿ ಪ್ರಕರಣವನ್ನು ಮುಗಿಸಲಾಯಿತು.

ಎರಡನೆಯ ರೇಡಿಯೊ ಪುಣೆಯದು. ಈ ಸಲ ಜೀಪು ಲೋಂಡಾ ಸ್ಟೇಷನ್ನಿನ ಆಚೆ ಕಾಡಿನ ಅಂಚಿನಲ್ಲಿ ನಿಂತಿತು. ನೋಟೀಸಿನ ಹೆದರಿಕೆಯಿದ್ದ ಭರಮಣ್ಣ ಮೈಕಿನ ಗುಂಡಿಯನ್ನು ಬಿಡದೆ ಒತ್ತಿ ಹಿಡಿದು ಹೂಂ ಹೂಂ ಎನ್ನತೊಡಗಿದ. ಅತ್ತ ಸಾಹೇಬರೂ ಒತ್ತಿದ್ದರು. ಇಬ್ಬರೂ ಒತ್ತಿದರೆ ಇಬ್ಬರಿಗೂ ಏನೂ ಕೇಳಿಸುವುದಿಲ್ಲ ಎಂಬುದು ಆ ಯಂತ್ರದ ಗುಣ. ಸಾಹೇಬರು ಸಂಜೆಯವರೆಗೆ ಮಾತಾಡಿದರು, ಭರಮಣ್ಣ ಸಂಜೆಯವರೆಗೆ ಹೂಂ ಅಂದ, ಇಬ್ಬರೂ ದಣಿದರು. ಪುಣೆಯ ರೇಡಿಯೊ ಮೂಕವಾಗಿದೆಯೆಂದು ತಿರಸ್ಕೃತವಾಯಿತು.

ಈಗ ಸಮಿತಿಯ ಮುಂದೆ ನಿಜವಾದ ಸಮಸ್ಯೆ ಬಂದಿತ್ತು. ಮಳೆಗಾಲ ಹತ್ತಿರವಾಗುತ್ತಿತ್ತು. ಭರಮಣ್ಣನ ಕಣ್ಣ ಮುಂದೆ ಆ ಕೆಂಪು ನೀರು ಮತ್ತೆ ಮತ್ತೆ ಬರುತ್ತಿತ್ತು. ಅವನು ಧೈರ್ಯ ಮಾಡಿ, “ಸಾಹೇಬ್ರ, ಯಾವ್ದರ ಒಂದ್ ತಗೋರಿ. ನಾ ಹೂಂ ಅಂದೇ ಅಂತೀನ್ರಿ, ನಿಮಗ ಕೇಳಸ್ಲಿಕ್ರೂ ಅಂತೀನಿ,” ಎಂದ.

“ಕೇಳಿಸದ ಹೂಂ ತಗೊಂಡು ನಾ ಏನ್ ಮಾಡ್ಲಿ?” ಎಂದರು ಸಾಹೇಬರು.

ದಾರಿ ತೋರಿಸಿದವನು ಬಾಳಾಸಾಹೇಬ. “ಅಲ್ಲಿಂದ ಬರಲಾರದ ಹೂಂ ಇಲ್ಲೇ ತಯಾರ ಮಾಡಸೂಣ್ರಿ ಸಾಹೇಬ್ರ. ನಿಮ್ಮ ಬಾಜೂಕ ಒಬ್ಬ ಮನಷಾನ್ನ ಕುಂದರಸೂಣು. ಜೀಪಿನ ಪರವಾಗಿ ಅವ ಹೂಂ ಅಂತಾನ.” ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಅದು ಒಪ್ಪಿಗೆಯ ಗುರುತು.

ಹೊಸ ಹುದ್ದೆಗೆ ‘ಹೂಂಗುಟ್ಟುವ ಸಹಾಯಕ’ ಎಂದು ಹೆಸರಾಯಿತು. ಹೂಂ ಎಂಬುದು ಕನ್ನಡದ್ದೋ ಮರಾಠಿಯದ್ದೋ ಎಂದು ಕಚೇರಿಯೊಳಗೆ ಒಂದು ತಕರಾರು ಎದ್ದಿತಾದರೂ, ಎರಡೂ ಕಡೆಯವರನ್ನು ಕೂಡಿಸಿ ಅನ್ನಿಸಿ ನೋಡಿದಾಗ ಒಂದೇ ರೀತಿ ಬಂತು. ಕಚೇರಿಯಲ್ಲಿ ಎರಡು ಕಡೆಯವರೂ ಒಂದೇ ಹಾಳೆಯ ಮೇಲೆ ಸಹಿ ಹಾಕಿದ್ದು ಅದೇ ಮೊದಲು. ಸಂದರ್ಶನಕ್ಕೆ ಬಹಳ ಮಂದಿ ಬಂದರು. ಕಾನೂನು ಓದಿದ ಒಬ್ಬ ಅಭ್ಯರ್ಥಿ “ಹೌದ್ರಿ, ಆದ್ರ...” ಎಂದದ್ದರಿಂದ ಅವನನ್ನು ಅಲ್ಲಿಂದಲೇ ಕಳಿಸಲಾಯಿತು. ಕಡೆಗೆ ಅನುಭವದ ಆಧಾರದ ಮೇಲೆ ಈರಣ್ಣನವರ ಆಯ್ಕೆಯಾಯಿತು. ಅವರು ಸಾಹೇಬರ ಹೆಂಡತಿಯ ಸೋದರಮಾವ. ಊಟವಾದ ಮೇಲೆ ಸಾಹೇಬರ ಪಡಸಾಲೆಯಲ್ಲಿ ಕೂತು ಹೂಂ ಅನ್ನುವ ಕೆಲಸವನ್ನು ಬಹುಕಾಲದಿಂದ ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದರು.

ಹುದ್ದೆಗೆ ನಿಯಮಗಳೂ ಆದವು. ಅಧಿಕಾರಿಗಳು ಉಸಿರು ತೆಗೆದುಕೊಂಡಲ್ಲೆಲ್ಲ ಸಹಾಯಕನು ಜೀಪಿನ ಪರವಾಗಿ ಹೂಂ ಎನ್ನತಕ್ಕದ್ದು. ಹೀಗೆ ಅಂದ ಹೂಂ ಅನ್ನು ಜೀಪಿನಲ್ಲಿರುವವರು ತಾವೇ ಅಂದದ್ದೆಂದು ಭಾವಿಸತಕ್ಕದ್ದು. ಸಹಾಯಕನು ಹೂಂ ಹೊರತು ಬೇರೆ ಮಾತಾಡಕೂಡದು. ಮೈಕಿನ ಗುಂಡಿಯನ್ನು ಯಾವ ಕಾರಣಕ್ಕೂ ಮುಟ್ಟಕೂಡದು. ಮುಟ್ಟಿದಲ್ಲಿ ಅವನನ್ನು ಹಳ್ಳದ ಕೆಲಸಕ್ಕೆ ವರ್ಗಾಯಿಸಲಾಗುವುದು.

ಮೂರನೆಯ ರೇಡಿಯೊ ಬೆಳಗಾವಿಯದೇ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದಿಂದ ಬಂತು. ತಂದವನು ನಾಗಲಿಂಗ. ನೀರೆತ್ತುವ ಪಂಪುಗಳ ಬೀಡು ಎರಕ ಹೊಯ್ಯುವ ಸ್ವಂತ ಫೌಂಡ್ರಿ ಅವನದು. ಒಳಗಿನ ಯಂತ್ರ ಎಲ್ಲಿಯದೆಂದು ಕೇಳಿದರೆ “ಒಳಗಿಂದ ಐತ್ರಿ” ಅನ್ನುತ್ತಿದ್ದ. ಹೊರಗಿನ ಪೆಟ್ಟಿಗೆ ಮಾತ್ರ ಅವನದೇ, ಬೀಡು ಕಬ್ಬಿಣದ್ದು. ನಾಲ್ಕು ಜನ ಹೊತ್ತು ತಂದು ಜೀಪಿನಲ್ಲಿಟ್ಟಾಗ ಜೀಪು ಎಡಕ್ಕೆ ವಾಲಿತು.

“ಆನಿ ತುಳದ್ರೂ ಏನೂ ಆಗಂಗಿಲ್ರಿ,” ಎಂದ ನಾಗಲಿಂಗ.

“ಆನಿ ತುಳಿಯಾಕ ಜೀಪ್ ಉಳೀಬೇಕಲ್ಲ,” ಎಂದು ಸಿದರಾಯ ಸಣ್ಣ ದನಿಯಲ್ಲಿ ಅಂದ. ಅವನಿಗೂ ಮತವಿರಲಿಲ್ಲ.

ನಾಗಲಿಂಗನಿಗೆ ಗಿರಾಕಿಯ ಮನಸ್ಸು ಓದುವುದು ಗೊತ್ತಿತ್ತು. ಜೀಪಿನ ಸದ್ದಿನಲ್ಲಿ ಸಾಹೇಬರ ಮಾತು ಮುಳುಗಬಾರದೆಂದು ಟಪ್ಪಿನ ಮೇಲೆ ಮದುವೆ ಮೆರವಣಿಗೆಗೆ ಕಟ್ಟುವಂಥ ದೊಡ್ಡ ಭೋಂಗಾ ಸ್ಪೀಕರು ಕೂರಿಸಿದ್ದ. ಸಾಹೇಬರ ಹೆಬ್ಬೆರಳು ನೋಯಬಾರದೆಂದು ಅವರ ಮೈಕಿನ ಗುಂಡಿಗೆ ಒಂದು ಸಣ್ಣ ಚಿಲಕ ಮಾಡಿಸಿದ್ದ. ಒಂದು ಸಲ ಚಿಲಕ ಹಾಕಿದರೆ ಮುಗಿಯಿತು, ಗುಂಡಿ ಒತ್ತಿಯೇ ಇರುತ್ತದೆ, ಎಷ್ಟು ಹೊತ್ತಾದರೂ ಮಾತಾಡಬಹುದು. ಸಾಹೇಬರು ಚಿಲಕ ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು ನೋಡಿದರು. ಅವರ ಕಣ್ಣು ಒದ್ದೆಯಾದವು. “ನಮ್ಮ ಮಂದಿ ತ್ರಾಸು ನಮ್ಮ ಮಂದೀಗೇ ತಿಳೀತೈತಿ,” ಎಂದರು.

ಬಳಸುವವರ ಪ್ರತಿನಿಧಿ ಎದ್ದು ನಿಂತ. “ಸಾಹೇಬ್ರ, ಚಿಲಕ ಹಾಕಿರಂದ್ರ ಜೀಪಿನಾಗಿಂದ ನಾವ್ ಅಂದದ್ದು ಬರಂಗಿಲ್ರಿ. ನಾ ಯಾವಾಗ ಮಾತಾಡ್ಬೇಕ್ರಿ?”

“ನಾ ಕೈ ತೊಳಿಯಾಕ ಎದ್ದಾಗ ಚಿಲಕ ತಗೀತೀನಿ. ಆಗ ಮಾತಾಡು. ಬ್ಯಾಡಂದವ್ರು ಯಾರು?”

“ಆಗ ನನ್ನ ಮಾತು ಕೇಳಾವ್ರು ಯಾರ್ರಿ?”

“ಈರಣ್ಣಮಾವ ಇರ್ತಾರಲ್ಲ,” ಎಂದರು ಸಾಹೇಬರು. ಈರಣ್ಣನವರು “ಹೂಂ” ಎಂದರು. ಆಯ್ಕೆ ಸರ್ವಾನುಮತದಿಂದ ಆಯಿತು.

ಜೂನಿನ ಮಿರಗ ಮಳೆ ಹಿಡಿಯುವ ಮೊದಲೇ ರೇಡಿಯೊಗೆ ಪೂಜೆಯಾಯಿತು. ಏರಿಯಲ್ ಕೋಲಿಗೆ ಹೂವಿನ ಹಾರ ಹಾಕಿದರು, ಪೆಟ್ಟಿಗೆಗೆ ಕುಂಕುಮ ಹಚ್ಚಿದರು, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟರು. ಎಡಗಾಲಿಯ ಕೆಳಗಿನದು ಜೀಪು ಹೊರಡುವ ಮೊದಲೇ ಅಪ್ಪಚ್ಚಿಯಾಗಿತ್ತು.

ಮಳೆಯೂ ಬಂತು. ಅಂದು ಸಾಹೇಬರು ಆಯ್ದುಕೊಂಡ ವಿಷಯ ‘ಹಳ್ಳ ದಾಟುವಾಗ ವಹಿಸಬೇಕಾದ ಎಚ್ಚರಿಕೆಗಳು’. ಜೀಪು ಜಾಂಬೋಟಿ ದಾಟಿ ಅದೇ ಹಳ್ಳಕ್ಕೆ ಬಂದಾಗ ನೀರು ಪಾದ ಮುಳುಗುವಷ್ಟೇ ಇತ್ತು. ಸಿದರಾಯ ಮೆಲ್ಲಗೆ ಇಳಿಸಿದ. ನಟ್ಟನಡುವೆ ರೇಡಿಯೊದ ಭಾರಕ್ಕೆ ಎಡಗಾಲಿ ಉಸುಕಿನಲ್ಲಿ ಹೂತು ನಿಂತಿತು. ಅವನು ಮುಂದಕ್ಕೆ ಹಾಕಿದ, ಹಿಂದಕ್ಕೆ ಹಾಕಿದ, ದೇವರ ಹೆಸರು ತೆಗೆದ. ಅಷ್ಟರಲ್ಲಿ ಮೇಲಿನ ಕಾಡಿನಲ್ಲಿ ಸುರಿದದ್ದು ಇಳಿದು ಬರತೊಡಗಿತು. ಅದೇ ಕೆಂಪು ನೀರು.

ಭರಮಣ್ಣ ಮೈಕು ಹಿಡಿದು ಗುಂಡಿ ಒತ್ತಿದ. ಇಡೀ ವರ್ಷ ಕಾದಿದ್ದ ಮಾತು ಅದು. “ಸಾಹೇಬ್ರ, ನೀರ್ ಬಂದಾವ್ರಿ! ಬಸ್ ನಿಂದರಸ್ರಿ! ನಾವ್ ಹಳ್ಳದಾಗ ಸಿಕ್ಕೀವ್ರಿ!” ಗುಂಡಿ ಬಿಟ್ಟು ಕಿವಿಯಾನಿಸಿದ.

ಭೋಂಗಾದಿಂದ ಸಾಹೇಬರ ಗಂಭೀರ ದನಿ ಕಾಡು ತುಂಬಿತು. “ನೋಡು ಭರಮಣ್ಣಾ, ನೀರು ಮೊಳಕಾಲ ಮಟ ಇದ್ದಾಗ ಮನಷಾ ಏನು ವಿಚಾರ ಮಾಡಬೇಕು...” ಅವರ ಬೆನ್ನಿಗೇ ಸಣ್ಣಗೆ ಇನ್ನೊಂದು ದನಿ ಬಂತು. “ಹೂಂ.”

ಭರಮಣ್ಣನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಈರಣ್ಣನವರ ಬಾಯಿಂದ ಬಂದ ಅದು ತನ್ನದೇ ಹೂಂ. ನಿಯಮದ ಪ್ರಕಾರ ತಾನೇ ಅಂದದ್ದು.

“ನಾ ಹೇಳಾಕತ್ತಿದ್ದು ಕೇಳಸಾಕತ್ತೈತೆಲ್ಲ?” ಎಂದು ಸಾಹೇಬರು ಕೇಳಿದರು.

“ಹೂಂ,” ಎಂದ ಭರಮಣ್ಣ, ಬೆಳಗಾವಿಯಲ್ಲಿ.

“ಅಲ್ಲಿ ಏನೂ ತ್ರಾಸಿಲ್ಲಲ್ಲ?”

“ಹೂಂ.”

“ನಿಮ್ಮ ಹೂಂ ಭಾಳ ಖಡಕ್ ಐತ್ರಿ ಅಣ್ಣಾರ,” ಎಂದ ಸಿದರಾಯ. ನೀರು ಸೀಟಿನ ಮಟ್ಟಕ್ಕೆ ಬಂದಿತ್ತು. ಇಬ್ಬರೂ ಟಪ್ಪು ಏರಿ ಭೋಂಗಾವನ್ನು ತಬ್ಬಿ ಕೂತರು. ಸಾಹೇಬರ ದನಿಗೆ ಎದೆಯೇ ಅದುರುತ್ತಿತ್ತು.

ಅಷ್ಟರಲ್ಲಿ ತಿರುವಿನಾಚೆ ಖಾನಾಪುರದ ಬಸ್ಸು ಬಂತು. ತುಂಬಿದ ಬಸ್ಸು, ಮಳೆಗೆ ಗಾಜು ಮಸುಕಾಗಿತ್ತು. ಆದರೆ ಡ್ರೈವರ್ ಗಕ್ಕನೆ ಬ್ರೇಕು ಹಾಕಿದ. ಕಾಡಿನ ನಡುವೆ ಇಷ್ಟು ದೊಡ್ಡ ಭಾಷಣ ನಡೆದಿದೆ ಎಂದರೆ ಯಾರೋ ದೊಡ್ಡವರು ಬಂದಿರಬೇಕು, ಸುಮ್ಮನೆ ದಾಟಿ ಹೋದರೆ ಆಮೇಲೆ ತನ್ನ ನೌಕರಿಗೆ ಕುತ್ತು ಬರುತ್ತದೆ ಎಂದು ಅವನು ಎಣಿಸಿದ. ಪ್ರಯಾಣಿಕರು ಕೊಡೆ ಬಿಚ್ಚಿಕೊಂಡು ಇಳಿದು ದಂಡೆಯ ಮೇಲೆ ಸಾಲಾಗಿ ನಿಂತರು. ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ಎಲ್ಲರೂ ಹೂಂ ಅನ್ನತೊಡಗಿದರು. ಮುಂದೆ ನಿಂತ ನಿಂಗವ್ವ ಎಂಬ ಮುದುಕಿಯ ಹೂಂ ಎಲ್ಲರಿಗಿಂತ ಜೋರಾಗಿತ್ತು.

“ಯಾರದಪಾ ಭಾಷಣ?” ಎಂದು ಅವಳು ನೀರಿನ ನಡುವೆ ಕೂತವರನ್ನೇ ಕೇಳಿದಳು.

“ಅಜ್ಜೀ, ಆಮ್ಯಾಲ ಹೇಳ್ತೀವಿ! ಮೊದಲ ಹಗ್ಗಾ ಒಗಸ!” ಎಂದು ಸಿದರಾಯ ಕೂಗಿದ.

ಬಸ್ಸಿನ ಮೇಲೆ ಗಂಟು-ಮೂಟೆ ಬಿಗಿದ ಹಗ್ಗ ಬಿಚ್ಚಿ ಎಸೆದರು. ಹೂಂ ಅನ್ನುತ್ತಲೇ ಎಳೆದರು. ಇಬ್ಬರೂ ದಂಡೆ ಸೇರಿದಾಗ ಸಾಹೇಬರು ಹೇಳುತ್ತಿದ್ದರು: “ಇಷ್ಟೆಲ್ಲಾದ್ರಾಗ ಒಂದ ಮಾತು ಮಾತ್ರ ಜೀವ ಹೋದ್ರೂ ಮರೀಬಾರ್ದು, ಅದೇನಂದ್ರ...” ಅಲ್ಲಿಗೆ ಬ್ಯಾಟರಿಗೆ ನೀರು ಹೊಕ್ಕಿತು. ಕಾಡು ಸುಮ್ಮನಾಯಿತು.

“ಏನಂದ್ರ?” ಎಂದಳು ನಿಂಗವ್ವ. ಯಾರಿಗೂ ಗೊತ್ತಿರಲಿಲ್ಲ.

ಭರಮಣ್ಣ ಹಸಿ ಬಟ್ಟೆಯಲ್ಲೇ ಬೆಳಗಾವಿಯ ಕಚೇರಿ ಮುಟ್ಟಿದ. ಸಾಹೇಬರು ಸಂತೋಷದಲ್ಲಿದ್ದರು. “ಇವತ್ತ ಭಾಳ ಛಂದ ಮಾತಾಡಿದ್ವಿ ನೋಡು.”

“ಸಾಹೇಬ್ರ, ನಾ ಮುಳಗಾಕತ್ತಿದ್ನಿರಿ.” ಅವನು ತೊಯ್ದ ಅಂಗಿಯ ತುದಿ ಹಿಂಡಿ ತೋರಿಸಿದ. “ನೀರ್ ಬಂದಾವ್ರಿ ಅಂತ ಗಂಟಲ ಹರಕೊಂಡ್ನಿರಿ.”

ಸಾಹೇಬರು ಈರಣ್ಣನವರತ್ತ ನೋಡಿದರು. ಮತ್ತೆ ಭರಮಣ್ಣನತ್ತ ನೋಡಿದರು. “ಏನೂ ತ್ರಾಸಿಲ್ಲಲ್ಲ ಅಂತ ಕೇಳಿದ್ರ ನೀನಽ ಹೂಂ ಅಂದೆಲ್ಲೋ.”

ವಿಚಾರಣೆಯಾಯಿತು. ಬಾಳಾಸಾಹೇಬ ಓದಿದ ವರದಿ ಎಲ್ಲರ ಮನಸ್ಸಿಗೂ ಬಂತು. ಕಚೇರಿ ಇರುವುದು ಬಸ್ಸು ನಿಲ್ಲಿಸುವುದಕ್ಕೆ. ರೇಡಿಯೊ ಬಸ್ಸನ್ನು ಸ್ವತಃ ನಿಲ್ಲಿಸಿತು. ಅಂಥ ಸೆಳವಿನಲ್ಲಿಯೂ ಜೀಪು ಕೊಚ್ಚಿಹೋಗಲಿಲ್ಲ. ರೇಡಿಯೊದ ಭಾರ ಅದನ್ನು ಹಿಡಿದಿಟ್ಟಿತ್ತು. ಬೆಂಗಳೂರಿನದೋ ಪುಣೆಯದೋ ಆಗಿದ್ದರೆ ಇವೆರಡೂ ಆಗುತ್ತಿರಲಿಲ್ಲ. ಆದ್ದರಿಂದ ಆಯ್ಕೆ ಸರಿಯಾಗಿದೆ. ಜೀಪಿನಿಂದ ಮಾತಾಡುವ ಅಗತ್ಯವೇ ಬೀಳಲಿಲ್ಲವಾದ್ದರಿಂದ ಜೀಪಿನ ಮೈಕನ್ನು ಉಳಿತಾಯದ ದೃಷ್ಟಿಯಿಂದ ತೆಗೆಯಬಹುದು ಎಂಬ ಸೂಚನೆಯೂ ಇತ್ತು. ಸಾಹೇಬರು ಮಾತ್ರ ಉದಾರವಾಗಿ, ಇರಲಿ ಬಿಡ್ರಿ, ನೋಡಾಕ ಛಂದ ಐತಿ ಎಂದರು.

ಆ ಸೀಮೆಯ ಜನ ಬಲುಬೇಗ ಹೊಂದಿಕೊಂಡರು. ಬಸ್ಸಿನವರು ಉದ್ದನೆಯ ಹಗ್ಗ ಇಟ್ಟುಕೊಂಡರು. ಭೋಂಗಾ ಕೇಳಿದರೆ ಜೀಪು ಹಳ್ಳದಲ್ಲಿದೆಯೆಂದು ತಿಳಿದು ನಿಲ್ಲುತ್ತಿದ್ದರು, ಇಳಿಯುತ್ತಿದ್ದರು, ಎಳೆಯುತ್ತಿದ್ದರು. ನಿಂಗವ್ವ ರೊಟ್ಟಿ ಕಟ್ಟಿಕೊಂಡೇ ಬರುತ್ತಿದ್ದಳು. ಜೀವ ಹೋದರೂ ಮರೆಯಬಾರದ ಮಾತು ಯಾವುದೆಂದು ಅವಳಿಗೆ ತಿಳಿಯಬೇಕಾಗಿತ್ತು.

ಆ ವರ್ಷದ ಕೊನೆಗೆ ಈರಣ್ಣನವರ ಗಂಟಲು ಬಿತ್ತು. ಅವರು ಹಲಸಿಯ ಮಗಳ ಮನೆಗೆ ಹೋಗಿ ಮೌನ ಹಿಡಿದರು. ತೆರವಾದ ಕುರ್ಚಿಯನ್ನು ಸಾಹೇಬರು ಭರಮಣ್ಣನಿಗೆ ತೋರಿಸಿದರು. ಜೀಪಿನ ಅನುಭವವಿದ್ದವನೇ ಜೀಪಿನ ಪರವಾಗಿ ಹೂಂ ಅನ್ನಲು ಯೋಗ್ಯ ಎಂದರು. ಸಿದರಾಯನೇ ಡ್ರೈವರನೂ ನಿರೀಕ್ಷಕನೂ ಆಗಿ ಎರಡು ಕೆಲಸ ನೋಡಿಕೊಳ್ಳುವುದೆಂದು ಆದೇಶವಾಯಿತು.

ಭರಮಣ್ಣ ಮನೆಯಲ್ಲಿ ಕೇಳಿದ. ಪದ್ಮವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. “ಹೂಂ ಅಂದ್ರ ಸಾಕೇನ್ರಿ? ಹಳ್ಳಕ್ಕ ಹೋಗಬೇಕಿಲ್ಲ? ಹಂಗಾದ್ರ ಹೂಂ ಅನ್ರಿ.”

ಅವನು ಹೂಂ ಅಂದ. ಕುರ್ಚಿ ಒಣಗಿತ್ತು, ಮೇಲೆ ಫ್ಯಾನಿತ್ತು, ಮಧ್ಯಾಹ್ನಕ್ಕೆ ಚಹಾ ಬರುತ್ತಿತ್ತು. ಸಿದರಾಯನ ನೆನಪಾದಾಗಲೆಲ್ಲ, ಬಸ್ಸಿದೆಯಲ್ಲ, ಹಗ್ಗವಿದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಮುಂದಿನ ಮಳೆಗಾಲದ ಒಂದು ದಿನ ಸಾಹೇಬರು ಕೈ ತೊಳೆಯಲು ಎದ್ದರು. ಚಿಲಕ ತೆಗೆದರು, ಹೊರಗೆ ಹೋದರು. ಪೆಟ್ಟಿಗೆ ಗರಗರ ಅಂದಿತು. ಅದರೊಳಗಿಂದ ಸಿದರಾಯನ ದನಿ ಬಂತು.

“ಅಣ್ಣಾರ? ಅಲ್ಲೇ ಅದೀರೇನ್ರಿ? ನೀರ್ ಬಂದಾವ್ರಿ. ಟಪ್ಪಿನ ಮ್ಯಾಲ ಕುಂತೀನಿ. ಇವತ್ತ ಬಸ್ಸಿನವ್ರ ಸ್ಟ್ರೈಕ್ ಐತ್ರಿ ಅಣ್ಣಾರ. ಬಸ್ ಬರಂಗಿಲ್ಲ. ಯಾರಿಗರ ಹೇಳ್ರಿ.”

ಭರಮಣ್ಣನ ಕೈ ಮೈಕಿನ ತನಕ ಹೋಯಿತು. ಗುಂಡಿ ಒತ್ತಿ ಒಂದು ಮಾತು ಅಂದರೆ ಸಾಕಿತ್ತು. ಎದ್ದು ಹೊರಗೆ ಹೋಗಿ ಕೂಗಿದ್ದರೂ ಸಾಕಿತ್ತು. ಆದರೆ ಹೂಂ ಹೊರತು ಮಾತಾಡಕೂಡದು, ಮುಟ್ಟಿದರೆ ಹಳ್ಳದ ಕೆಲಸ. ಅವನ ಕಣ್ಣ ಮುಂದೆ ಕೆಂಪು ನೀರು ಬಂತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕೈ ಹಿಂದೆ ಬಂತು.

“ಅಣ್ಣಾರ, ಹೂಂ ಆದ್ರೂ ಅನ್ರಿ,” ಎಂದಿತು ಪೆಟ್ಟಿಗೆ.

ಸಾಹೇಬರು ಪಂಚೆಯ ತುದಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಚಿಲಕ ಹಾಕಿದರು. ಪೆಟ್ಟಿಗೆ ಸುಮ್ಮನಾಯಿತು. “ಹಾಂ, ಎಲ್ಲಿದ್ದೆ ನಾನು? ಹಳ್ಳಕ್ಕ ಇಳಿಯೂಕಿಂತ ಮೊದಲ ಮನಷಾ ನಾಲ್ಕೂ ದಿಕ್ಕಿಗೆ ನೋಡಬೇಕು...”

ಆಗ ಭರಮಣ್ಣನಿಗೆ ಹೊಳೆಯಿತು. ಚಿಲಕ ಹಾಕಿದೆ, ಮೈಕು ತೆರೆದಿದೆ. ಈಗ ತಾನು ಅಂದದ್ದು ಭೋಂಗಾದಿಂದ ಹೊರಟು ಆ ಹಳ್ಳದ ನಡುವೆ ಕೇಳಿಸುತ್ತದೆ. ನಿಯಮವನ್ನೂ ಮುರಿದಂತಾಗುವುದಿಲ್ಲ. ಅವನು ಮೈಕಿನತ್ತ ಬಾಗಿ, ಹೊಟ್ಟೆಯೊಳಗಿದ್ದುದನ್ನೆಲ್ಲ ಒಟ್ಟುಮಾಡಿ ಅಂದ.

“ಹೂಂ.”

ಸಾಹೇಬರು ಮಾತು ನಿಲ್ಲಿಸಿ ಅವನ ಮುಖ ನೋಡಿದರು. “ಇವತ್ತ ನಿನ್ನ ಹೂಂ ಭಾಳ ಮನಸಿನಿಂದ ಬರಾಕತ್ತೈತಿ ನೋಡು ಭರಮಣ್ಣಾ. ಎಲ್ಲಾ ಕಚೇರಿಯವ್ರೂ ನಿನ್ನ ನೋಡಿ ಕಲೀಬೇಕು.”

“ಹೂಂರಿ,” ಎಂದ ಭರಮಣ್ಣ, ಇನ್ನಷ್ಟು ಗಟ್ಟಿಯಾಗಿ.